ಮನೆಯೊಳಗೇ ಹೆಚ್ಚುವ ಮಗುವಿನ ಉಬ್ಬಸ, ಅಲರ್ಜಿ: ಲಕ್ಷಣ ಹಿಡಿದು ಕಾರಣ ಹುಡುಕುವ ಬಗೆ

ಮಗುವಿನ ಕೆಮ್ಮು ಹೆಚ್ಚಾದರೆ ಮನೆಮಂದಿಯೆಲ್ಲ ಒಟ್ಟಿಗೆ ಕೈ ಹಾಕುತ್ತಾರೆ. ಒಬ್ಬರು ಪರದೆ ಬಿಚ್ಚುತ್ತಾರೆ, ಇನ್ನೊಬ್ಬರು ಗಾಳಿ ಶುದ್ಧೀಕರಿಸುವ ಯಂತ್ರ ತರುತ್ತಾರೆ, ಮತ್ತೊಬ್ಬರು ಸಾಕಿದ ಬೆಕ್ಕನ್ನು ಬೇರೆ ಮನೆಗೆ ಕಳುಹಿಸುತ್ತಾರೆ. ತಿಂಗಳು ಕಳೆದರೂ ಕೆಮ್ಮು ನಿಲ್ಲದಿದ್ದರೆ ಎಲ್ಲಿ ಎಡವಿದೆವು ಎಂಬುದು ತಿಳಿಯುವುದಿಲ್ಲ. ಕಡಿಮೆಯಾದರೂ ಯಾವುದರಿಂದ ಕಡಿಮೆಯಾಯಿತು ಎಂಬುದು ಗೊತ್ತಾಗುವುದಿಲ್ಲ. ಲಕ್ಷಣ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ಹಿಡಿಯಿರಿ. ಕಾರಣದ ಸುಳಿವು ಬಹುಪಾಲು ಅಲ್ಲೇ ಇರುತ್ತದೆ. ಖರ್ಚಿನ ಮಾತು ಆಮೇಲೆ.

ಹುಡುಕಾಟಕ್ಕೆ ಒಂದು ಷರತ್ತು ಇದೆ. ವೈದ್ಯರು ದಿನವೂ ತೆಗೆದುಕೊಳ್ಳಲು ಹೇಳಿದ ಇನ್‌ಹೇಲರನ್ನು ನಿಲ್ಲಿಸಿ ಮನೆಯನ್ನು ಪರೀಕ್ಷಿಸಬೇಡಿ. ಮನೆಯನ್ನು ಸರಿಪಡಿಸುವುದು ಔಷಧಿಗೆ ನೆರವಾಗುತ್ತದೆ, ಆದರೆ ಔಷಧಿಯ ಜಾಗವನ್ನು ತುಂಬುವುದಿಲ್ಲ.

ಉಸಿರಾಡುವುದೇ ಕಷ್ಟವಾಗಿದ್ದರೆ

ಹುಡುಕಾಟವನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯವನ್ನು ಮುಗಿಸುವಷ್ಟು ಉಸಿರು ಇಲ್ಲದಿರುವುದು, ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಅಥವಾ ಗಂಟಲ ಕೆಳಗೆ ಚರ್ಮ ಒಳಕ್ಕೆ ಸೆಳೆಯುವುದು, ತುಟಿ ನೀಲಿಗಟ್ಟುವುದು, ಮಗು ಮಂಕಾಗಿ ತೂಕಡಿಸುವುದು, ಕೂಸಾದರೆ ಹಾಲು ಕುಡಿಯಲಾಗದಿರುವುದು ಅಪಾಯದ ಗುರುತುಗಳು. ಉಪಶಮನದ ಇನ್‌ಹೇಲರ್ (ಉಬ್ಬಸ ಬಂದಾಗ ಶ್ವಾಸನಾಳವನ್ನು ಕೂಡಲೇ ಸಡಿಲಿಸುವುದು) ಕೊಟ್ಟರೂ ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾಗುತ್ತಿದ್ದರೆ ಅದೂ ಅಪಾಯವೇ. ಎದೆಯ ಸಿಳ್ಳೆಯಂಥ ಸದ್ದು ಇದ್ದಕ್ಕಿದ್ದಂತೆ ನಿಂತು, ಮಗು ಮಾತ್ರ ಇನ್ನೂ ಏದುಸಿರು ಬಿಡುತ್ತಿದ್ದರೆ ಅದನ್ನು ಚೇತರಿಕೆಯೆಂದು ತಿಳಿಯಬೇಡಿ. ಸದ್ದು ಹೊರಡಿಸುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಎಂಬುದು ಅದರ ಅರ್ಥ.

ಆಂಬುಲೆನ್ಸ್ ಕರೆದಿದ್ದರೆ ಅದು ಬರುವವರೆಗೆ ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿ. ವೈದ್ಯರು ಬರೆದುಕೊಟ್ಟಿರುವ ಉಪಶಮನದ ಸಾಲ್ಬುಟಮಾಲ್ ಇನ್‌ಹೇಲರನ್ನು ಸ್ಪೇಸರ್ (ಔಷಧಿಯನ್ನು ಹಿಡಿದಿಟ್ಟು ಉಸಿರಿನೊಂದಿಗೆ ಒಳಗೆ ಕಳುಹಿಸುವ ಕೊಳವೆ) ಮೂಲಕ, ಅವರು ಹೇಳಿದ ಪ್ರಮಾಣದಲ್ಲಿ, ಒಂದೊಂದೇ ಪಫ್‌ನಂತೆ ಕೊಡಿ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಯಲ್ಲಿದ್ದು, ಅದು ಶೇ 92ಕ್ಕಿಂತ ಕಡಿಮೆ ತೋರಿಸಿದರೆ ತಡ ಮಾಡಬೇಡಿ. ಅಂಕಿ ಚೆನ್ನಾಗಿದ್ದರೂ ಮಗು ಉಸಿರಿಗಾಗಿ ಒದ್ದಾಡುತ್ತಿದ್ದರೆ ಅಂಕಿಯನ್ನು ಬಿಟ್ಟು ಮಗುವನ್ನು ನಂಬಿ.

ಊಟ, ಔಷಧಿ ಅಥವಾ ಕೀಟದ ಕಡಿತದ ಬೆನ್ನಿಗೇ ಮೈಮೇಲೆ ದದ್ದು ಎದ್ದು, ತುಟಿ ಅಥವಾ ನಾಲಿಗೆ ಊದಿ, ವಾಂತಿಯಾಗಿ ಉಸಿರು ಕಟ್ಟಿದರೆ ಅದು ತೀವ್ರ ಅಲರ್ಜಿಯ ಆಘಾತ. ಅಡ್ರಿನಲಿನ್ ಚುಚ್ಚುಮದ್ದನ್ನು ವೈದ್ಯರು ಮೊದಲೇ ಕೊಟ್ಟಿದ್ದರೆ ಕೂಡಲೇ ತೊಡೆಗೆ ಹಾಕಿ, ಆಂಬುಲೆನ್ಸ್ ಕರೆಯಿರಿ, ಮಗುವನ್ನು ಎದ್ದು ನಡೆಯಲು ಬಿಡಬೇಡಿ. ಉಸಿರು ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಿ, ಇಲ್ಲವಾದರೆ ಮಲಗಿಸಿ. ಅಲರ್ಜಿಯ ಮಾತ್ರೆಯೋ ಸಿರಪ್ಪೋ ಈ ಹೊತ್ತಿನಲ್ಲಿ ಅಡ್ರಿನಲಿನ್‌ಗೆ ಬದಲಿಯಾಗುವುದಿಲ್ಲ.

ಮೊದಲ ಪರೀಕ್ಷೆ: ಒಂದು ನೋಟ್‌ಬುಕ್

ಎರಡು ವಾರ ಬರೆದಿಡಿ. ಕೆಮ್ಮು ಅಥವಾ ಸೀನು ಶುರುವಾದ ಹೊತ್ತು, ಮಗು ಇದ್ದ ಕೋಣೆ, ಅದಕ್ಕೆ ಅರ್ಧ ಗಂಟೆ ಮುಂಚೆ ಮನೆಯಲ್ಲಿ ನಡೆದ ಕೆಲಸ (ಅಡುಗೆ, ಗುಡಿಸುವುದು, ಹಾಸಿಗೆ ಕೊಡವುವುದು), ಜ್ವರ ಇತ್ತೇ, ಇನ್‌ಹೇಲರ್ ಬೇಕಾಯಿತೇ. ಇಷ್ಟು ಸಾಕು. ಐದಾರು ವರ್ಷ ದಾಟಿದ ಮಗುವಾದರೆ ಉಸಿರನ್ನು ಎಷ್ಟು ರಭಸದಿಂದ ಹೊರಬಿಡಬಲ್ಲದು ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಬೆಳಗ್ಗೆ, ಸಂಜೆ ಊದಿಸಿ ಅಂಕಿ ಬರೆಯಬಹುದು. ಮಗುವಿನ ಅತ್ಯುತ್ತಮ ಅಂಕಿಯ ಶೇ 80ಕ್ಕಿಂತ ಮೇಲಿದ್ದರೆ ನೆಮ್ಮದಿ, 50ರಿಂದ 80ರ ನಡುವೆ ಇದ್ದರೆ ಎಚ್ಚರ, 50ಕ್ಕಿಂತ ಕೆಳಗಿಳಿದರೆ ತುರ್ತು.

ನೆಗಡಿ ಬಂದ ದಿನಗಳನ್ನು ಬೇರೆ ಗುರುತು ಹಾಕಿಡಿ. ಮಕ್ಕಳಲ್ಲಿ ಆಸ್ತಮಾ ಕೆರಳುವುದಕ್ಕೆ ಅತಿ ಸಾಮಾನ್ಯ ಕಾರಣ ವೈರಸ್‌ನಿಂದ ಬರುವ ನೆಗಡಿ. ಅದನ್ನು ಬೇರ್ಪಡಿಸದಿದ್ದರೆ ಮಾಡದ ತಪ್ಪಿಗೆ ಹಾಸಿಗೆಯೋ ಬೆಕ್ಕೋ ಬಲಿಯಾಗುತ್ತದೆ. ಮೂಗು, ಕಣ್ಣು ತುರಿಸುವುದು, ನೀರಿನಂತೆ ತೆಳ್ಳಗೆ ಸುರಿಯುವ ಸಿಂಬಳ, ಜ್ವರವಿಲ್ಲದಿರುವುದು, ವಾರಗಟ್ಟಲೆ ಎಳೆಯುವುದು ಅಲರ್ಜಿಯತ್ತ ಬೆರಳು ತೋರುತ್ತವೆ. ಜ್ವರ, ಗಂಟಲು ನೋವಿನೊಂದಿಗೆ ಬಂದು ಹತ್ತು ದಿನದೊಳಗೆ ಇಳಿದರೆ ಅದು ಹೆಚ್ಚಾಗಿ ನೆಗಡಿ. ಅಂಗೈಯಿಂದ ಮೂಗನ್ನು ಮತ್ತೆ ಮತ್ತೆ ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆಯೇ ಎಂದೂ ನೋಡಿ. ಅದು ಬಹುಕಾಲದ ಅಲರ್ಜಿಯ ಗುರುತು.

ಹಾಸಿಗೆಗೆ ಹೋದ ಮೇಲೆ, ಇಲ್ಲವೇ ಎದ್ದಕೂಡಲೇ ಸೀನು, ಕೆಮ್ಮು

ಮೊದಲ ಅನುಮಾನ ದೂಳಿನ ನುಸಿಯ ಮೇಲೆ. ಕಣ್ಣಿಗೆ ಕಾಣದ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲದ ಈ ಜೀವಿ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆ, ದಿಂಬು, ಹೊದಿಕೆಗಳಲ್ಲಿ ಬದುಕುತ್ತದೆ. ಅದು ಕಚ್ಚುವುದಿಲ್ಲ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಳ್ಳುತ್ತದೆ. ಆದ್ದರಿಂದ ಕೋಣೆಯ ತೇವಾಂಶ ಶೇ 50ಕ್ಕಿಂತ ಕೆಳಗೆ ನಿಂತರೆ ನುಸಿ ಒಣಗಿ ಸಾಯುತ್ತದೆ.

ಹಾಗೆಂದು ರಾತ್ರಿಯ ಕೆಮ್ಮೆಲ್ಲ ನುಸಿಯ ಕೆಲಸವಲ್ಲ. ಆಸ್ತಮಾ ತನ್ನ ಸ್ವಭಾವದಿಂದಲೇ ಬೆಳಗಿನ ಜಾವಕ್ಕೆ ಹೆಚ್ಚುತ್ತದೆ. ಮಲಗಿದಾಗ ಹೊಟ್ಟೆಯ ಆಮ್ಲ ಮೇಲೇರಿದರೂ, ಮೂಗಿನ ಹಿಂಬದಿಯಿಂದ ಸಿಂಬಳ ಗಂಟಲಿಗೆ ಇಳಿದರೂ ಕೆಮ್ಮು ಬರುತ್ತದೆ. ವ್ಯತ್ಯಾಸ ತಿಳಿಯಲು ಸಮಯ ನೋಡಿ: ಹಾಸಿಗೆಯಲ್ಲಿ ಹೊರಳಾಡಿ ಸ್ವಲ್ಪ ಹೊತ್ತಿಗೇ ಮೂಗು ತುರಿಸಿ ಸೀನು ಶುರುವಾದರೆ ಹಾಸಿಗೆಯ ಮೇಲಿನ ಅನುಮಾನ ಬಲವಾಗುತ್ತದೆ. ನಿದ್ದೆಯ ನಡುವೆ, ನಸುಕಿನಲ್ಲಿ ಮಾತ್ರ ಎಚ್ಚರಗೊಳಿಸುವ ಕೆಮ್ಮಾದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂಬ ಸೂಚನೆ. ಅದಕ್ಕೆ ಹಾಸಿಗೆ ಒಗೆಯುವುದಕ್ಕಿಂತ ವೈದ್ಯರ ಭೇಟಿ ಮುಖ್ಯ.

ಖರ್ಚಿಲ್ಲದ ಕೆಲಸಗಳಿಂದ ಶುರುಮಾಡಿ. ಹಾಸಿಗೆಯ ಮೇಲಿನ ಮೆತ್ತನೆಯ ಗೊಂಬೆಗಳನ್ನು, ಬೇಡದ ದಿಂಬುಗಳನ್ನು ಎತ್ತಿಬಿಡಿ. ಮಗು ಬಿಟ್ಟಿರಲಾರದ ಗೊಂಬೆ ಒಂದಿದ್ದರೆ ಅದನ್ನು ಚೀಲದಲ್ಲಿ ಕಟ್ಟಿ ಒಂದು ಹಗಲು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಆಮೇಲೆ ಒಗೆದು ಕೊಡಿ. ಶೀತದಲ್ಲಿ ನುಸಿ ಸಾಯುತ್ತದೆ, ಹಿಕ್ಕೆ ಹೋಗುವುದು ಒಗೆದಾಗಲೇ. ಬಿಸಿಲಿಗೂ ಇದೇ ಮಾತು: ಸುಡುಬಿಸಿಲು ನುಸಿಯನ್ನು ಕೊಲ್ಲಬಹುದು, ಆದರೆ ಒಳಗೆ ಉಳಿದ ಅಲರ್ಜಿಕಾರಕವನ್ನು ತೆಗೆಯುವುದಿಲ್ಲ. ಹಾಸುಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆಯ ಬಹುಭಾಗ ಹೋದರೂ ನುಸಿ ಉಳಿದುಕೊಳ್ಳುತ್ತದೆ. ಅಷ್ಟು ಬಿಸಿಯ ನೀರನ್ನು ಬಕೆಟ್‌ನಲ್ಲಿ ಬಳಸುವವರು ಮಗುವನ್ನು ಹತ್ತಿರ ಬಿಡಬಾರದು. ಅದು ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡುತ್ತದೆ.

ಇಷ್ಟರಿಂದ ಫಲ ಕಂಡು, ಪರೀಕ್ಷೆಯಲ್ಲೂ ನುಸಿಯ ಅಲರ್ಜಿ ಖಚಿತವಾದರೆ ಹಾಸಿಗೆ, ದಿಂಬುಗಳನ್ನು ಎಲ್ಲ ಕಡೆಯಿಂದಲೂ ಮುಚ್ಚುವ, ಜಿಪ್ ಇರುವ ನುಸಿತಡೆ ಹೊದಿಕೆ ಕೊಳ್ಳಬಹುದು. ಈ ಕ್ರಮವನ್ನು ಉಲ್ಟಾ ಮಾಡಬೇಡಿ. ಬರೀ ಹೊದಿಕೆಯೊಂದನ್ನೇ ನಂಬಿದವರಿಗೆ ಅಷ್ಟೇನೂ ಲಾಭವಾಗಿಲ್ಲ ಎಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಹಲವು ಕ್ರಮಗಳನ್ನು ಒಟ್ಟಿಗೆ, ಆ ಮಗುವಿಗೆ ಆಗದ ವಸ್ತುವನ್ನೇ ಗುರಿಯಾಗಿಸಿ ಕೈಗೊಂಡಾಗ ಮಾತ್ರ ಚಿತ್ರ ಬದಲಾಗುತ್ತದೆ. ಅಮೆರಿಕದ ಏಳು ನಗರಗಳ 937 ಮಕ್ಕಳ ಮನೆಗಳಲ್ಲಿ ಹೀಗೆ ಮಾಡಿ ನೋಡಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ತಮಾ ಕಾಡುವ ದಿನಗಳು ಕಡಿಮೆಯಾದವು. ಕೂಸುಗಳ ಹಾಸಿಗೆಗೆ ಸಡಿಲವಾದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಎಂದೂ ಹೊದಿಸಬೇಡಿ. ಅದು ಮುಖಕ್ಕೆ ಅಂಟಿ ಉಸಿರು ಕಟ್ಟಿಸಬಲ್ಲದು.

ಗುಡಿಸುವಾಗ, ಹಾಸಿಗೆ ಕೊಡವುವಾಗ ಮಾತ್ರ ಕೆಮ್ಮು

ಇದೂ ನುಸಿಯದೇ ಕಥೆ. ನುಸಿಯ ಹಿಕ್ಕೆಯ ಕಣ ದಪ್ಪ, ಕದಡಿದಾಗ ಮೇಲೇಳುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ಕೆಳಗೆ ಕೂರುತ್ತದೆ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಹೊತ್ತು ಮತ್ತು ಮುಂದಿನ ಗಂಟೆ ಮಗು ಬೇರೆ ಕೋಣೆಯಲ್ಲಿರಲಿ. ನೆಲಹಾಸು ದೂಳಿನ ಗೋದಾಮು. ಮಲಗುವ ಕೋಣೆಯಿಂದ ತೆಗೆಯಲು ಸಾಧ್ಯವಿದ್ದರೆ ತೆಗೆದುಬಿಡಿ.

ತೇವದ ದಿನಗಳಲ್ಲಿ, ಅಥವಾ ಒಂದೇ ಕೋಣೆಯಲ್ಲಿ ಹೆಚ್ಚುವ ಕೆಮ್ಮು

ಮೂಗನ್ನು ಬಳಸಿ. ಹೊರಗಿನಿಂದ ಬಂದವರು ಬಾಗಿಲು ತೆರೆದ ಕ್ಷಣ ಮುಗ್ಗಲು ವಾಸನೆ ಹಿಡಿಯುತ್ತಾರೆ. ಮನೆಯಲ್ಲೇ ಇರುವವರ ಮೂಗಿಗೆ ಅದು ಒಗ್ಗಿಹೋಗಿರುತ್ತದೆ. ಹಾಗಾಗಿ ಬೇರೆಯವರನ್ನು ಕೇಳಿ. ಆಮೇಲೆ ಟಾರ್ಚ್ ಹಿಡಿದು ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂಬದಿ, ಮಂಚದ ಕೆಳಗಿನ ಮೂಲೆ, ಕಿಟಕಿಯ ಚೌಕಟ್ಟು, ಸಿಂಕಿನ ಕೆಳಗೆ ನೋಡಿ. ಕಪ್ಪು, ಹಸಿರು ಚುಕ್ಕೆಗಳು ಕಂಡರೆ ಬೂಷ್ಟು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ತೇವ ಹಾಗೂ ಬೂಷ್ಟಿನ ಮನೆಗಳಿಗೂ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾಗಳಿಗೂ ನಂಟಿದೆ ಎಂದು ಮಾರ್ಗಸೂಚಿ ಹೊರಡಿಸಿತು. ಯಾವ ಜಾತಿಯ ಬೂಷ್ಟು ಎಂದು ತಿಳಿಯಲು ಪ್ರಯೋಗಾಲಯಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಕಂಡರೆ ತೆಗೆಯಬೇಕು, ನೀರಿನ ಮೂಲವನ್ನು ನಿಲ್ಲಿಸಬೇಕು.

ಮೂಲವನ್ನು ಹುಡುಕಲು ಅಗ್ಗದ ಉಪಾಯವಿದೆ. ಒದ್ದೆ ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಕೋಣೆಯ ಕಡೆ ಹನಿಗಟ್ಟಿದರೆ ಮನೆಯೊಳಗಿನ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ ಎಂದರ್ಥ. ಅಡುಗೆ, ಸ್ನಾನದ ಆವಿಯನ್ನು ಹೊರಗೆ ಕಳುಹಿಸಿ, ಬೀರುವನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಸರಿಸಿದರೆ ಸಾಕಾಗಬಹುದು. ಹಾಳೆಯ ಹಿಂದೆ, ಗೋಡೆಯ ಕಡೆ ನೀರು ಕಂಡರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ: ಒಡೆದ ಪೈಪು, ಸೋರುವ ಚಾವಣಿ, ನೆಲದಿಂದ ಏರುವ ನೀರು. ಅದಕ್ಕೆ ಕೊಳಾಯಿ ಅಥವಾ ಗಾರೆ ಕೆಲಸದವರು ಬೇಕು. ಅದು ಸರಿಯಾಗದೆ ಮೇಲೆ ಬಣ್ಣ ಬಳಿದರೆ ಬೂಷ್ಟು ಬಣ್ಣವನ್ನು ಸೀಳಿಕೊಂಡು ಮರಳಿ ಬರುತ್ತದೆ.

ಒಂದು ಚದರ ಮೀಟರಿಗಿಂತ ಕಡಿಮೆ ಜಾಗವಾದರೆ ಕೈಗವಸು, ಎನ್95 ಮಾಸ್ಕ್ ಹಾಕಿ ಸೋಪುನೀರಿನಲ್ಲಿ ಉಜ್ಜಿ ಪೂರ್ತಿ ಒಣಗಿಸಬಹುದು. ಮಗು ಆಗ ಮನೆಯಲ್ಲೇ ಇರಬಾರದು. ಅದಕ್ಕಿಂತ ದೊಡ್ಡದಾದರೆ ಬಲ್ಲವರನ್ನು ಕರೆಯಿರಿ. ಬ್ಲೀಚನ್ನು ಅಮೋನಿಯಾ ಇರುವ ದ್ರಾವಣದೊಂದಿಗಾಗಲಿ, ಶೌಚಾಲಯ ತೊಳೆಯುವ ಆಮ್ಲದೊಂದಿಗಾಗಲಿ ಬೆರೆಸಲೇಬೇಡಿ. ಹೊರಡುವ ವಿಷಾನಿಲ ಆರೋಗ್ಯವಂತರ ಶ್ವಾಸಕೋಶವನ್ನೂ ಸುಡುತ್ತದೆ. ಹಾಸಿಗೆ, ನೆಲಹಾಸು ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಬೇಕು. ಅದು ದಾಟಿದರೆ ಬೂಷ್ಟು ಬೇರೂರುತ್ತದೆ.

ಅಡುಗೆ, ಹೊಗೆ, ಸುಗಂಧದ ಹೊತ್ತಿನಲ್ಲಿ ಎದೆ ಬಿಗಿಯುವುದು

ಇಲ್ಲಿ ಅನೇಕ ತಂದೆ ತಾಯಂದಿರು ದಾರಿ ತಪ್ಪುತ್ತಾರೆ. ಅಲರ್ಜಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಆದ್ದರಿಂದ ಮನೆಯಲ್ಲಿ ದೋಷವಿಲ್ಲ ಎಂದು ತೀರ್ಮಾನಿಸುತ್ತಾರೆ. ಹೊಗೆ ಅಲರ್ಜಿಕಾರಕವಲ್ಲ, ಕೆರಳಿಸುವ ವಸ್ತು. ಮೊದಲೇ ಊದಿಕೊಂಡಿರುವ ಶ್ವಾಸನಾಳವನ್ನು ಅದು ನೇರವಾಗಿ ಬಿಗಿಯುತ್ತದೆ, ಅಲರ್ಜಿ ಪರೀಕ್ಷೆಗೆ ಸಿಕ್ಕುವುದೇ ಇಲ್ಲ.

ತಂಬಾಕಿನ ಹೊಗೆಯಿಂದ ಶುರುಮಾಡಿ. ಬೇರೆ ಕೋಣೆಯಲ್ಲಿ, ಕಿಟಕಿಯ ಬಳಿ ನಿಂತು ಸೇದಿದರೆ ಸಾಲದು. ಹೊಗೆ ಮನೆಯೆಲ್ಲ ಹರಡುತ್ತದೆ, ಅದರ ಅಂಶ ಬಟ್ಟೆಗೆ, ಸೋಫಾಕ್ಕೆ ಅಂಟಿಕೊಳ್ಳುತ್ತದೆ. ಮನೆಯೊಳಗೂ ಕಾರಿನೊಳಗೂ ಸೇದುವುದು ಪೂರ್ತಿ ನಿಲ್ಲಬೇಕು. ಈ ಕೈಪಿಡಿಯಲ್ಲಿ ಒಂದೇ ಒಂದನ್ನು ಮಾಡಲು ಸಾಧ್ಯವೆಂದರೆ ಇದನ್ನೇ ಮಾಡಿ ಎಂದು ನಾನು ಹೇಳುತ್ತೇನೆ. ಆಮೇಲೆ ಸೊಳ್ಳೆ ಬತ್ತಿ, ಊದುಬತ್ತಿ, ಕೋಣೆಗೆ ಸಿಂಪಡಿಸುವ ಸುಗಂಧ, ಘಾಟಿನ ಶುಚಿಕಾರಕಗಳನ್ನು ಎರಡು ವಾರ ಬಿಟ್ಟು ನೋಟ್‌ಬುಕ್ ಏನು ಹೇಳುತ್ತದೆ ನೋಡಿ. ಹೊಸ ಬಣ್ಣ, ಹೊಸ ಪ್ಲೈವುಡ್ ಪೀಠೋಪಕರಣಗಳ ಘಾಟೂ ಇದೇ ಸಾಲಿಗೆ ಸೇರುತ್ತದೆ. ವಾಸನೆ ಹೋಗುವವರೆಗೆ ಮಗುವನ್ನು ಆ ಕೋಣೆಯಲ್ಲಿ ಮಲಗಿಸಬೇಡಿ.

ಕಟ್ಟಿಗೆ, ಇದ್ದಿಲಿನ ಒಲೆ ಸೂಕ್ಷ್ಮ ಕಣಗಳನ್ನು ಉಗುಳುತ್ತದೆ. ಗ್ಯಾಸ್ ಒಲೆಯಲ್ಲಿ ಹೊಗೆ ಕಾಣದಿದ್ದರೂ ಶ್ವಾಸನಾಳವನ್ನು ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಹೊರಡುತ್ತದೆ. ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ ಅಥವಾ ಚಿಮಣಿ ಬೇಕು. ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿ ಜಿಡ್ಡನ್ನು ಹಿಡಿಯಬಹುದು, ಆದರೆ ಈ ಅನಿಲವನ್ನು ಹೊರಗೆ ಹಾಕುವುದಿಲ್ಲ. ಮನೆಯ ಹಲವರಿಗೆ ಏಕಕಾಲಕ್ಕೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದರೆ ಇಳಿಯುತ್ತಿದ್ದರೆ ಅದು ಆಸ್ತಮಾ ಅಲ್ಲ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರಬಹುದು: ಎಲ್ಲರೂ ಕೂಡಲೇ ಹೊರಬಂದು ತುರ್ತು ಸಹಾಯ ಕರೆಯಿರಿ. ಇದ್ದಿಲನ್ನು ಮುಚ್ಚಿದ ಕೋಣೆಯಲ್ಲಿ ಉರಿಸುವುದು ಸಾವನ್ನು ಒಳಗೆ ಕರೆದಂತೆ.

ಸಾಕುಪ್ರಾಣಿ ಮುಟ್ಟಿದ ಮೇಲೆ ಕಣ್ಣು ಕೆಂಪು, ದದ್ದು, ಸಿಳ್ಳೆಯ ಸದ್ದು

ಕಾರಣ ಕೂದಲೆಂದು ಎಲ್ಲರೂ ತಿಳಿಯುತ್ತಾರೆ. ಬೆಕ್ಕಿನ ಮುಖ್ಯ ಅಲರ್ಜಿಕಾರಕ ಅದರ ಜೊಲ್ಲಿನಲ್ಲಿ, ಚರ್ಮದ ಗ್ರಂಥಿಗಳಲ್ಲಿ ಹುಟ್ಟುತ್ತದೆ. ಅದರ ಕಣ ಅತಿ ಸಣ್ಣದು, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿ ಬೆಕ್ಕಿಲ್ಲದ ಮನೆ, ಶಾಲೆಗಳಿಗೂ ಹೋಗುತ್ತದೆ. ಕೂದಲು ಕಡಿಮೆ ಇರುವ ತಳಿ ಸುರಕ್ಷಿತ ಎಂಬ ಮಾತಿಗೆ ಆಧಾರವಿಲ್ಲ.

ಮೊದಲು ಪ್ರಾಣಿಯನ್ನು ಮಲಗುವ ಕೋಣೆಯಿಂದ ಪೂರ್ತಿ ಹೊರಗಿಡಿ, ಮುಟ್ಟಿದ ಮೇಲೆ ಕೈ ತೊಳೆಸಿ. ಬೇರೆಡೆಗೆ ಕಳುಹಿಸುವ ತೀರ್ಮಾನವನ್ನು ಅಲರ್ಜಿ ಪರೀಕ್ಷೆಯ ನಂತರವೇ ತೆಗೆದುಕೊಳ್ಳಿ. ಮಗುವಿನ ಮನಸ್ಸಿಗೂ ಅದು ಸಣ್ಣ ಏಟಲ್ಲ. ಕಳುಹಿಸಿದರೂ ಬೆಕ್ಕಿನ ಅಲರ್ಜಿಕಾರಕ ಮನೆಯಿಂದ ಇಳಿಯಲು ನಾಲ್ಕಾರು ತಿಂಗಳು ಹಿಡಿಯುತ್ತದೆ. ಒಂದು ವಾರದಲ್ಲಿ ಫಲ ಕಾಣಲಿಲ್ಲವೆಂದು ನಿರ್ಧಾರ ತಪ್ಪಾಯಿತು ಎನ್ನಬೇಡಿ. ಅಲರ್ಜಿ ಇದೆಯೋ ಇಲ್ಲವೋ ನೋಡೋಣವೆಂದು ಮಗುವಿನ ಕೈಗೆ ಬೆಕ್ಕನ್ನು ಕೊಟ್ಟು ಪರೀಕ್ಷಿಸುವುದು ಬೇಡ.

ಕಾರಣವೇ ಕಾಣದೆ ವರ್ಷವಿಡೀ ಕಾಡುವ ಉಬ್ಬಸ

ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಅಡುಗೆಮನೆಗೆ ಟಾರ್ಚ್ ಹಿಡಿದು ಹೋಗಿ. ಮೂಲೆಗಳಲ್ಲಿ ಕರಿಮೆಣಸಿನ ಪುಡಿಯಂಥ ಹಿಕ್ಕೆ ಕಂಡರೆ ಜಿರಳೆಯಿದೆ. ಇದನ್ನು ಹಗುರವಾಗಿ ನೋಡಬೇಡಿ. ಅಮೆರಿಕದ ನಗರಗಳ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಳೆಯ ಅಲರ್ಜಿಯೂ ಇದ್ದು ಮಲಗುವ ಕೋಣೆಯಲ್ಲಿ ಅದರ ಅಂಶವೂ ಹೆಚ್ಚಿದ್ದ ಮಕ್ಕಳು ಆಸ್ತಮಾದಿಂದ ಆಸ್ಪತ್ರೆ ಸೇರಿದ್ದು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಆಹಾರ ಮುಚ್ಚಿಡಿ, ಸೋರುವ ನಲ್ಲಿ ಸರಿಪಡಿಸಿ, ಬಿರುಕು ಮುಚ್ಚಿ, ಮಗುವಿನ ಕೈಗೆಟುಕದ ಕಡೆ ಜೆಲ್ ವಿಷ ಇಡಿ. ಸಿಂಪಡಿಸುವ ಕೀಟನಾಶಕ ಉಬ್ಬಸವನ್ನೇ ಕೆರಳಿಸಬಹುದು. ಜಿರಳೆ ಸತ್ತ ಮೇಲೂ ಅದರ ಹಿಕ್ಕೆ, ದೇಹದ ಪುಡಿ ಉಳಿಯುತ್ತವೆ. ಸೋಪುನೀರಿನಲ್ಲಿ ತೊಳೆದಾಗಲೇ ಕೆಲಸ ಮುಗಿಯುವುದು.

ಕಿಟಕಿ ತೆರೆದ ಹೊತ್ತಿನಲ್ಲಿ ಸೀನು, ಕಣ್ಣು ತುರಿಕೆ

ವರ್ಷದ ಒಂದೇ ಕಾಲದಲ್ಲಿ ಮರುಕಳಿಸಿದರೆ ಹೂವಿನ ಪರಾಗ ಇರಬಹುದು. ಆ ವಾರಗಳಲ್ಲಿ ಹೊರಗಿಂದ ಬಂದಕೂಡಲೇ ಮಗುವಿನ ಬಟ್ಟೆ ಬದಲಿಸಿ, ಮುಖ ತೊಳೆಸಿ, ಗುಡುಗು ಮಳೆಯ ಹೊತ್ತಿನಲ್ಲಿ ಕಿಟಕಿ ಮುಚ್ಚಿ. ಗುಡುಗು ಮಳೆಯಲ್ಲಿ ಪರಾಗ ಒಡೆದು ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣದಾಗಬಲ್ಲದು. 2016ರ ನವೆಂಬರ್‌ನಲ್ಲಿ ಮೆಲ್ಬರ್ನ್ ನಗರದಲ್ಲಿ ಒಂದೇ ಸಂಜೆ ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಧಾವಿಸಿದ್ದು ಹೀಗೆಯೇ.

ಬೂಷ್ಟಿಗೆ ಕಿಟಕಿ ತೆರೆಯಿರಿ, ಪರಾಗಕ್ಕೆ ಮುಚ್ಚಿ ಎಂದರೆ ಏನು ಮಾಡುವುದು? ಎರಡೂ ಸರಿ, ಆದರೆ ಎಲ್ಲ ಮಕ್ಕಳಿಗೂ ಎರಡೂ ಬೇಕಾಗುವುದಿಲ್ಲ. ನಿಮ್ಮ ನೋಟ್‌ಬುಕ್ ಯಾವುದನ್ನು ತೋರಿಸುತ್ತದೋ ಅದನ್ನು ಹಿಡಿಯಿರಿ.

ಮನೆಯ ಹೊರಗೂ ಅಷ್ಟೇ, ಒಳಗೂ ಅಷ್ಟೇ

ಹಾಗಾದರೆ ಮನೆಯಲ್ಲಿ ಕಾರಣ ಹುಡುಕುವುದನ್ನು ಬಿಡಿ. ಮೊದಲು ಇನ್‌ಹೇಲರ್ ಬಳಸುವ ಕ್ರಮವನ್ನು ವೈದ್ಯರ ಮುಂದೆ ಮಾಡಿ ತೋರಿಸಿ. ಸ್ಪೇಸರ್ ಇಲ್ಲದೆ ಬಾಯಿಗೆ ಹೊಡೆದ ಔಷಧಿ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಪುಟ್ಟ ಮಗು ಆಡುತ್ತಿದ್ದಾಗ ಅಥವಾ ತಿನ್ನುತ್ತಿದ್ದಾಗ ಒಮ್ಮೆಲೇ ಕೆಮ್ಮು ಹತ್ತಿ, ಆಮೇಲೆ ಎದೆಯ ಒಂದೇ ಬದಿಯಲ್ಲಿ ಸದ್ದು ಬರುತ್ತಿದ್ದರೆ ಕಾಳೋ ಮಣಿಯೋ ಶ್ವಾಸನಾಳದಲ್ಲಿ ಸಿಕ್ಕಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ತೂಕ ಏರದಿರುವುದು, ಕಫದಲ್ಲಿ ರಕ್ತ, ವಾರಗಟ್ಟಲೆ ಜ್ವರದೊಂದಿಗಿನ ಕೆಮ್ಮು, ಹುಟ್ಟಿದಾಗಿನಿಂದಲೇ ಇರುವ ಉಸಿರಿನ ಸದ್ದು ಇವು ಆಸ್ತಮಾ ಅಲ್ಲದ ಕಾಯಿಲೆಗಳನ್ನು ಸೂಚಿಸಬಹುದು.

ಕೊಳ್ಳುವ ಮುನ್ನ

ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರ ಹೊಗೆಗೆ, ಬೆಕ್ಕಿನ ಕಣಕ್ಕೆ ನೆರವಾಗಬಹುದು, ಏಕೆಂದರೆ ಅವು ತೇಲುತ್ತವೆ. ನುಸಿಯ ಹಿಕ್ಕೆ ಬೇಗ ಕೆಳಗೆ ಕೂರುವುದರಿಂದ ಯಂತ್ರದ ಬಾಯಿಗೆ ಸಿಗುವುದು ಕಡಿಮೆ. ಓಝೋನ್ ಬಿಡುವ ಯಂತ್ರವನ್ನು ತರಲೇಬೇಡಿ. ಓಝೋನ್ ಶ್ವಾಸಕೋಶಕ್ಕೆ ಹಾನಿಕರ. ಕೋಣೆಗೆ ತೇವ ಕೊಡುವ ಯಂತ್ರ ನುಸಿಯನ್ನೂ ಬೂಷ್ಟನ್ನೂ ಸಾಕಿದಂತಾಗುತ್ತದೆ. ಎಲ್ಲಕ್ಕಿಂತ ಉಪಯೋಗದ ಖರೀದಿ ತೇವಾಂಶ ಅಳೆಯುವ ಸಣ್ಣ ಮೀಟರ್: ಶೇ 30ರಿಂದ 50ರ ನಡುವೆ ಇರಲಿ, 60 ದಾಟಿದರೆ ಕಾರಣ ಹುಡುಕಿ.

ಎರಡು ಮೂರು ವಾರದ ಪ್ರಯತ್ನದ ಮೇಲೂ ಮಗು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಉಪಶಮನದ ಇನ್‌ಹೇಲರ್ ಬಳಸುತ್ತಿದ್ದರೆ, ರಾತ್ರಿ ಎಚ್ಚರಗೊಳ್ಳುತ್ತಿದ್ದರೆ, ಆಟ ಬಿಡುತ್ತಿದ್ದರೆ ನೋಟ್‌ಬುಕ್ ಹಿಡಿದು ವೈದ್ಯರಲ್ಲಿಗೆ ಹೋಗಿ. ಅವರು ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಮಾಡಿಸಬಹುದು. ಚುಚ್ಚು ಪರೀಕ್ಷೆಯ ಫಲ 15ರಿಂದ 20 ನಿಮಿಷದಲ್ಲಿ ಗೊತ್ತಾಗುತ್ತದೆ. ಚರ್ಮ ಉಬ್ಬಿದ ಮಾತ್ರಕ್ಕೆ ಆ ವಸ್ತುವೇ ಕಾಯಿಲೆಗೆ ಕಾರಣವೆಂದಲ್ಲ. ಮಗುವಿನ ಲಕ್ಷಣ ಆ ವಸ್ತುವಿನ ಹತ್ತಿರ ಬಂದಾಗಲೇ ಹೆಚ್ಚುತ್ತದೆಯೇ ಎಂಬುದನ್ನು ನಿಮ್ಮ ಬರಹದೊಂದಿಗೆ ಹೋಲಿಸಿ ವೈದ್ಯರು ಹೇಳಬೇಕು. ಅಲರ್ಜಿಯ ಮಾತ್ರೆಗಳು ಚುಚ್ಚು ಪರೀಕ್ಷೆಯ ಫಲವನ್ನು ಮರೆಮಾಡುತ್ತವೆ. ಎಷ್ಟು ದಿನ ಮೊದಲು ಅವನ್ನು ನಿಲ್ಲಿಸಬೇಕೆಂದು ಸಮಯ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ. ಆಸ್ತಮಾದ ಇನ್‌ಹೇಲರನ್ನು ಮಾತ್ರ ಮುಂದುವರಿಸಿ.